ಹೊಸ ಸ್ಮಾರ್ಟ್‌ವಾಚ್ ಬೇಕಾ, ಬ್ಯಾಂಡ್ ಸಾಕಾ, ಇರೋ ವಾಚೇ ಸಾಕಾ? ದಾವಣಗೆರೆಯವರಿಗೊಂದು ಹೋಲಿಕೆ

ಸ್ಮಾರ್ಟ್‌ವಾಚ್ ಅಂದ ಕೂಡಲೇ ಎಲ್ಲರೂ ಕೇಳೋದು ‘ಯಾವುದು ಒಳ್ಳೇದು?’ ಅಂತ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಇದರಿಂದ ನನಗೆ ಆಗಬೇಕಾದ ಕೆಲಸ ಏನು? ಒಂದೇ ಒಂದು ಕೆಲಸ ಹೇಳಿ. ‘ಕುಂದವಾಡ ಕೆರೆ ಸುತ್ತ ಓಡುವಾಗ ಫೋನ್ ಮನೆಯಲ್ಲೇ ಬಿಟ್ಟು ಹೋಗಬೇಕು’ ಅನ್ನೋದು ಕೆಲಸ. ‘ಹರಿಹರದಿಂದ ದಿನಾ ಬಸ್ಸಿನಲ್ಲಿ ಬರ್ತೀನಿ, ಫೋನ್ ಬ್ಯಾಗಿನಲ್ಲಿರುತ್ತೆ, ಮನೆಯ ಕರೆ ತಪ್ಪಬಾರದು’ ಅನ್ನೋದೂ ಕೆಲಸ. ‘ಒಬ್ಬರೇ ಇರೋ ಅಮ್ಮ ಬಿದ್ದರೆ ನಮಗೆ ಗೊತ್ತಾಗಬೇಕು’ ಅನ್ನೋದಂತೂ ದೊಡ್ಡ ಕೆಲಸ. ಆದರೆ ‘ಎಲ್ಲಾದಕ್ಕೂ ಇರಲಿ ಅಂತ’ ಅನ್ನೋದು ಕೆಲಸ ಅಲ್ಲ. ಹಾಗೆ ಕೊಂಡ ವಾಚುಗಳು ಚಾರ್ಜರ್ ಸಮೇತ ಡ್ರಾಯರ್ ಸೇರಿದ್ದನ್ನ ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ.

ಈ ಮೂರು ಕೆಲಸಕ್ಕೆ ಮೂರು ಬೇರೆ ಬೇರೆ ವಾಚು ಬೇಕು. ಮೊದಲನೆಯದಕ್ಕೆ ಒಳಗೇ ಜಿಪಿಎಸ್ ಇರಬೇಕು. ಎರಡನೆಯದಕ್ಕೆ ಎರಡು ಮೂರು ಸಾವಿರದ ಬ್ಯಾಂಡ್ (ಚಿಕ್ಕ ಪರದೆಯ, ಹಗುರವಾದ ಕೈಪಟ್ಟಿ) ಸಾಕು. ಮೂರನೆಯದಕ್ಕೆ ಬೀಳುವುದನ್ನು ಗುರುತಿಸುವ ದುಬಾರಿ ವಾಚು ಬೇಕು, ಜೊತೆಗೆ ಅದನ್ನ ದಿನಾ ಚಾರ್ಜ್ ಮಾಡುವವರೂ ಬೇಕು. ಕೆಲಸ ಯಾವುದು ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಉಳಿದರ್ಧ ನಿಮ್ಮ ಫೋನ್ ಮೇಲಿದೆ

ಆ್ಯಪಲ್ ವಾಚ್ ಐಫೋನ್ ಜೊತೆ ಮಾತ್ರ ಕೆಲಸ ಮಾಡುತ್ತದೆ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ಬಗ್ಗೆ ಯೋಚನೆ ಮಾಡೋದೇ ಬೇಡ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳು 2021ರ ವಾಚ್ 4ರಿಂದ ಈಚೆಗೆ ಆಂಡ್ರಾಯ್ಡ್ ಜೊತೆ ಮಾತ್ರ ನಡೆಯುತ್ತವೆ, ಐಫೋನ್ ಜೊತೆ ಇಲ್ಲ. ಅದರಲ್ಲೂ ಅಂಗಡಿಯವರು ಹೇಳದೇ ಇರೋ ಒಂದು ವಿಷಯ ಇದೆ. ಗ್ಯಾಲಕ್ಸಿ ವಾಚಿನ ಇಸಿಜಿ ಮತ್ತು ಬಿಪಿ ನೋಡುವ ಆ್ಯಪ್‌ಗೆ ಸ್ಯಾಮ್‌ಸಂಗ್ ಫೋನೇ ಬೇಕು. ಬೇರೆ ಕಂಪನಿಯ ಆಂಡ್ರಾಯ್ಡ್ ಇಟ್ಟುಕೊಂಡು, ಇಸಿಜಿಗೋಸ್ಕರ ಆ ವಾಚು ತಂದರೆ ದುಡ್ಡು ಕೊಟ್ಟ ಕೆಲಸವೇ ನಡೆಯೋದಿಲ್ಲ. ಅಮೇಜ್‌ಫಿಟ್, ಗಾರ್ಮಿನ್, ಶಾವೋಮಿ ಬ್ಯಾಂಡ್, ನಾಯ್ಸ್, ಫೈರ್‌ಬೋಲ್ಟ್, ಬೋಟ್ ಇವೆಲ್ಲ ಎರಡೂ ಬಗೆಯ ಫೋನ್ ಜೊತೆ ಹೊಂದಿಕೊಳ್ಳುತ್ತವೆ.

ವರ್ಷದೊಳಗೆ ಫೋನ್ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಫೋನ್ ಬದಲಾಯಿಸಿ. ವಾಚು ಆಮೇಲೆ ನೋಡೋಣ.

ಇರೋ ವಾಚೇ ಸಾಕು ಅನ್ನೋ ಆಯ್ಕೆ

ಇದನ್ನ ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ಆದರೆ ತುಂಬಾ ಜನಕ್ಕೆ ಇದೇ ಸರಿಯಾದದ್ದು. ಹೆಜ್ಜೆ ಎಣಿಸಬೇಕಾ? ಜೇಬಿನಲ್ಲಿರುವ ಫೋನೇ ಎಣಿಸುತ್ತದೆ, ಪುಕ್ಕಟೆಯಾಗಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋ ಲೆಕ್ಕಕ್ಕೂ ಜಾಸ್ತಿ ಹೆದರಬೇಡಿ. ಅದು ಡಾಕ್ಟರುಗಳು ಕೂತು ನಿರ್ಧರಿಸಿದ ಸಂಖ್ಯೆ ಅಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನವೊಂದನ್ನು ಮಾರುವುದಕ್ಕೆ ಬಳಸಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆದರೆ ವಾರಕ್ಕೆ ಇನ್ನೂರು ನಿಮಿಷ ದಾಟುತ್ತದೆ. ಅದನ್ನ ಅಳೆಯೋದಕ್ಕೆ ಮಾಮೂಲಿ ಗಡಿಯಾರ ಸಾಕು, ಅಲ್ವಾ?

ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಎಚ್‌ಎಂಟಿ ಕೀಲಿ ವಾಚುಗಳಿವೆ. ಕೆಲವು ತುಮಕೂರಿನ ಕಾರ್ಖಾನೆಯಲ್ಲೇ ತಯಾರಾದವು. ಸಣ್ಣ ರಿಪೇರಿ ಅಂಗಡಿಯವರು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಕೊಟ್ಟರೆ ಮತ್ತೆ ವರ್ಷಗಟ್ಟಲೆ ನಡೆಯುತ್ತವೆ. ಸ್ಮಾರ್ಟ್‌ವಾಚು ಹಾಗಲ್ಲ. ಅದರ ಬ್ಯಾಟರಿಯನ್ನು ಒಳಗೆ ಅಂಟು ಹಾಕಿ ಮುಚ್ಚಿರುತ್ತಾರೆ. ಅಗ್ಗದ ವಾಚುಗಳಲ್ಲಿ ಬ್ಯಾಟರಿ ಹೋದರೆ ಸಾಮಾನ್ಯವಾಗಿ ವಾಚೇ ಹೋದ ಹಾಗೆ. ಕೊಳ್ಳುವಾಗಲೇ ಇದು ಮೂರೋ ನಾಲ್ಕೋ ವರ್ಷದ ವಸ್ತು ಅಂತ ಮನಸ್ಸಿಗೆ ಹೇಳಿಕೊಂಡಿರಬೇಕು.

ಬ್ಯಾಂಡ್: ಚಿಕ್ಕದು, ಆದರೆ ಜಾಣ

ಎರಡರಿಂದ ಐದು ಸಾವಿರದೊಳಗೆ ಒಳ್ಳೆಯ ಬ್ಯಾಂಡುಗಳು ಸಿಗುತ್ತವೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್ 3 ಫೆಬ್ರುವರಿ 2024ರಲ್ಲಿ ಬಂದಾಗ ಬೆಲೆ 4,999 ರೂಪಾಯಿ ಇತ್ತು. ಒಮ್ಮೆ ಚಾರ್ಜ್ ಮಾಡಿದರೆ 13 ದಿನದವರೆಗೆ ಬರುತ್ತೆ ಅಂತ ಕಂಪನಿ ಹೇಳುತ್ತದೆ. ಪರದೆ ಯಾವಾಗಲೂ ಉರಿಯುವ ಹಾಗೆ ಇಟ್ಟರೆ ಅಷ್ಟು ಬರೋದಿಲ್ಲ. ಕರೆ ಬಂದರೆ, ಮೆಸೇಜ್ ಬಂದರೆ ಕೈ ಮೇಲೆ ನಡುಗುತ್ತದೆ. ಹೆಜ್ಜೆ, ನಿದ್ದೆ, ಎದೆಬಡಿತ ನೋಡುತ್ತದೆ. ಹಗುರ. ಮಲಗುವಾಗ ಕೈಗೆ ಚುಚ್ಚೋದಿಲ್ಲ.

ಕ್ಲಾಸಿನಲ್ಲಿ ಫೋನ್ ಸೈಲೆಂಟ್ ಇಡಬೇಕಾದ ಮೇಷ್ಟ್ರಿಗೆ, ಆಸ್ಪತ್ರೆಯಲ್ಲಿ ಓಡಾಡುವ ನರ್ಸ್‌ಗೆ, ಅಂಗಡಿ ಗಲ್ಲಾದಲ್ಲಿ ಕೂತವರಿಗೆ ನಾನು ಕಣ್ಣುಮುಚ್ಚಿ ಹೇಳೋದು ಬ್ಯಾಂಡ್. ಹೆಚ್ಚಿನ ಬ್ಯಾಂಡುಗಳಲ್ಲಿ ಸ್ಪೀಕರ್ ಇಲ್ಲ, ಒಳಗೆ ಜಿಪಿಎಸ್ ಇಲ್ಲ. ನಿಮಗೆ ಆ ಎರಡೂ ಬೇಡ ಅಂದರೆ ಮುಂದಕ್ಕೆ ಓದುವ ಅಗತ್ಯವೂ ಜಾಸ್ತಿ ಇಲ್ಲ. ಕನ್ನಡ ಅಕ್ಷರದ ವಿಷಯ ಮಾತ್ರ ಓದಿಬಿಡಿ.

ಸಾವಿರದೈನೂರರ ‘ಕಾಲಿಂಗ್’ ವಾಚು

ನಮ್ಮೂರಲ್ಲಿ ಅತಿ ಹೆಚ್ಚು ಕೈಗಳ ಮೇಲೆ ಕಾಣೋದು ಇದೇ. ಸಾವಿರದಿಂದ ಮೂರು ಸಾವಿರದೊಳಗೆ, ದೊಡ್ಡ ಚೌಕ ಪರದೆ, ನೋಡಿದರೆ ಮೂವತ್ತು ಸಾವಿರದ ವಾಚಿನ ಹಾಗೇ ಇರುತ್ತದೆ. ಕಾಲೇಜು ಹುಡುಗರಿಗೆ ಇದರ ಆಸೆ ಇರೋದು ತಪ್ಪೇನಲ್ಲ. ಆದರೆ ಒಳಗೆ ಏನಿದೆ, ಏನಿಲ್ಲ ಅಂತ ತಿಳಿದುಕೊಂಡು ತಗೊಳ್ಳಿ.

‘ಬ್ಲೂಟೂತ್ ಕಾಲಿಂಗ್’ ಅಂದರೆ ವಾಚಿನಿಂದಲೇ ಕರೆ ಹೋಗುತ್ತೆ ಅಂತಲ್ಲ. ಕರೆ ಮಾಡೋದು ನಿಮ್ಮ ಫೋನೇ. ವಾಚಿನಲ್ಲಿರೋದು ಒಂದು ಸ್ಪೀಕರ್, ಒಂದು ಮೈಕ್ ಅಷ್ಟೇ. ಫೋನ್ ಹತ್ತು ಮೀಟರ್ ಆಚೆ ಹೋದರೆ ಸಂಪರ್ಕ ತಪ್ಪುತ್ತದೆ. ಫೋನ್ ಇಲ್ಲದೇ ವಾಚಿನಿಂದ ಮಾತಾಡಬೇಕು ಅಂದರೆ ಇ-ಸಿಮ್ (ಒಳಗೇ ಅಳವಡಿಸಿರುವ ಸಿಮ್) ಇರುವ ಸೆಲ್ಯುಲಾರ್ ವಾಚು ಬೇಕು. ಅದಕ್ಕೆ ಬೆಲೆಯೂ ಬೇರೆ, ಮಾತಾಡಬೇಕಾದ್ದು ಜಿಯೋ, ಏರ್‌ಟೆಲ್‌ನಂಥ ನೆಟ್‌ವರ್ಕಿನವರ ಹತ್ತಿರ. ಇನ್ನು ವಾಚಿನ ಸ್ಪೀಕರಿನಲ್ಲಿ ಮಾತಾಡಿದರೆ ಅಕ್ಕಪಕ್ಕದವರಿಗೆಲ್ಲ ಕೇಳುತ್ತದೆ. ಮಂಡಿಪೇಟೆಯ ಗಲಾಟೆಯಲ್ಲಿ ನಿಮಗೇ ಕೇಳೋದಿಲ್ಲ. ಅಡುಗೆ ಮನೆಯಲ್ಲಿ ಕೈ ಹಿಟ್ಟಾಗಿರುವಾಗ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅದನ್ನ ಒಪ್ಪುತ್ತೇನೆ. ಬೈಕ್ ಓಡಿಸುವಾಗ ಮಾತ್ರ ದಯವಿಟ್ಟು ಬೇಡ. ಪಿ.ಬಿ. ರಸ್ತೆಯಲ್ಲಿ ಬಾಯಿ ಹತ್ತಿರ ಕೈ ಎತ್ತಿಕೊಂಡು, ಒಂದೇ ಕೈಯಲ್ಲಿ ಗಾಡಿ ಓಡಿಸುವವರನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ.

ಹೆಜ್ಜೆ ಲೆಕ್ಕವನ್ನೂ ಈ ದರ್ಜೆಯಲ್ಲಿ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಕೈ ಆಡಿದ ರೀತಿ ನೋಡಿ ಹೆಜ್ಜೆ ಅಂತ ಅಂದಾಜು ಮಾಡೋದು ಎಲ್ಲ ವಾಚುಗಳ ಪದ್ಧತಿ. ಒಳ್ಳೆಯ ವಾಚು ಬೇಡದ್ದನ್ನ ಸೋಸುತ್ತದೆ. ಅಗ್ಗದ್ದು ಅಷ್ಟಾಗಿ ಸೋಸೋದಿಲ್ಲ. ನಮ್ಮ ಚಿಕ್ಕಮ್ಮ ಜೋಳದ ರೊಟ್ಟಿ ಬಡಿಯುವಾಗ ಕೈಯಲ್ಲಿ ಇಂಥದ್ದೊಂದು ವಾಚಿತ್ತು. ಬಡಿದ ಒಂದೊಂದು ರೊಟ್ಟಿಗೂ ಹೆಜ್ಜೆ ಏರುತ್ತಾ ಹೋಯಿತು. ಅವರು ಒಲೆ ಮುಂದೆ ಕೂತಲ್ಲಿಂದ ಎದ್ದೇ ಇರಲಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದಾಗಲೂ ಹೀಗೇ ಆಗುತ್ತದೆ. ತದ್ವಿರುದ್ಧವೂ ಉಂಟು. ಮಗುವಿನ ಗಾಡಿ ತಳ್ಳುತ್ತಾ ನಡೆದರೆ ಕೈ ಆಡೋದಿಲ್ಲ, ನಿಜವಾದ ಹೆಜ್ಜೆಗಳೇ ಲೆಕ್ಕ ತಪ್ಪುತ್ತವೆ.

ಈಗ ಕನ್ನಡದ ಮಾತು

ವಿಮರ್ಶೆಗಳಲ್ಲಿ ಇದನ್ನ ಯಾರೂ ಹೇಳೋದಿಲ್ಲ. ನಮಗೆ ಮಾತ್ರ ಇದು ತುಂಬಾ ಮುಖ್ಯ. ನಿಮ್ಮ ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಕನ್ನಡದಲ್ಲೇ ಬರೆಯುವವರಾದರೆ, ಅಗ್ಗದ ಎಷ್ಟೋ ವಾಚುಗಳ ಮೇಲೆ ಆ ಮೆಸೇಜು ಬರೀ ಚೌಕ ಚೌಕವಾಗಿ ಕಾಣುತ್ತದೆ. ಅದರೊಳಗೆ ಕನ್ನಡದ ಫಾಂಟೇ ಇರೋದಿಲ್ಲ. ಕೆಲವದರಲ್ಲಿ ಫಾಂಟ್ ಇರುತ್ತೆ, ಒತ್ತಕ್ಷರ ಕೂಡಿಸೋದು ಬರೋದಿಲ್ಲ. ಆಗ ‘ಬೆಣ್ಣೆ ತಗೊಂಡು ಬಾ’ ಅನ್ನೋದು ‘ಬೆಣ್‌ಣೆ’ ಅಂತ ಮುರಿದು ಬರುತ್ತದೆ. ‘ಅಕ್ಕ’ ಇದ್ದದ್ದು ‘ಅಕ್‌ಕ’ ಆಗುತ್ತದೆ. ಕರೆ ಮಾಡಿದವರ ಹೆಸರನ್ನ ನೀವು ಕನ್ನಡದಲ್ಲಿ ಸೇವ್ ಮಾಡಿದ್ದರೆ ಅದೂ ಚೌಕವೇ. ಯಾರ ಕರೆ ಅಂತ ನೋಡೋಕೆ ಮತ್ತೆ ಫೋನೇ ತೆಗೆಯಬೇಕು. ಹಾಗಾದರೆ ವಾಚು ಯಾಕೆ ಬೇಕಿತ್ತು?

ಆ್ಯಪಲ್ ವಾಚ್, ಮತ್ತೆ ಸ್ಯಾಮ್‌ಸಂಗ್, ಒನ್‌ಪ್ಲಸ್, ಪಿಕ್ಸೆಲ್ ತರಹದ ವೇರ್ ಓಎಸ್ (ಗೂಗಲ್‌ನ ವಾಚು ಸಾಫ್ಟ್‌ವೇರ್) ಇರುವ ವಾಚುಗಳಲ್ಲಿ ಕನ್ನಡ ಸರಿಯಾಗಿ ಓದೋಕೆ ಬರುತ್ತದೆ. ಉಳಿದವುಗಳಲ್ಲಿ ಮಾಡೆಲಿನಿಂದ ಮಾಡೆಲಿಗೆ ಬೇರೆ. ‘ಹಿಂದಿ ಸಪೋರ್ಟ್ ಇದೆ’ ಅಂದ ಮಾತ್ರಕ್ಕೆ ಕನ್ನಡ ಇದೆ ಅಂತಲ್ಲ. ಅಂಗಡಿಯಲ್ಲಿ ಡೆಮೊ ವಾಚಿಗೆ ನಿಮ್ಮ ಫೋನ್ ಜೋಡಿಸೋಕೆ ಬಿಡಿ ಅಂತ ಕೇಳಿ. ಪಕ್ಕದಲ್ಲಿ ನಿಂತವರಿಂದ ‘ಅಕ್ಕ, ಬೆಣ್ಣೆ, ಚಿತ್ರದುರ್ಗ, ಮಂಡಕ್ಕಿ’ ಅಂತ ಒಂದು ಮೆಸೇಜ್ ಕಳಿಸಿಕೊಳ್ಳಿ. ಆ ನಾಲ್ಕು ಪದ ನೆಟ್ಟಗೆ ಕಂಡರೆ ಉಳಿದದ್ದೆಲ್ಲ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕೊಂಡರೆ ಬಾಕ್ಸ್ ಬಿಚ್ಚಿದ ದಿನವೇ ಈ ಪರೀಕ್ಷೆ ಮಾಡಿ.

ಅಪ್ಪ ಅಮ್ಮನಿಗೆ ಅಂತ ಕೊಳ್ಳುವವರು ಇದನ್ನ ನಿಧಾನವಾಗಿ ಓದಿ

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ದಾವಣಗೆರೆಯಲ್ಲಿರುವ ಅಪ್ಪ ಅಮ್ಮನಿಗೆ ವಾಚು ಕಳಿಸುತ್ತಾರೆ. ಪ್ರೀತಿಯಿಂದಲೇ ಕಳಿಸೋದು. ಬಿಪಿ, ಶುಗರ್, ಹಾರ್ಟು ಎಲ್ಲಾ ನೋಡುತ್ತೆ ಅಂತ ಬಾಕ್ಸಿನ ಮೇಲೆ ಬರೆದಿರುತ್ತದೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

ಶುಗರ್ ವಿಷಯ ಮೊದಲು. ಚರ್ಮ ಚುಚ್ಚದೇ, ಬರೀ ಬೆಳಕಿನಿಂದ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ ಔಷಧ, ವೈದ್ಯಕೀಯ ಸಾಧನಗಳನ್ನ ಪರಿಶೀಲಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ಅಂಥ ವಾಚು, ಉಂಗುರಗಳನ್ನು ನಂಬಬೇಡಿ ಅಂತ 2024ರ ಫೆಬ್ರುವರಿಯಲ್ಲಿ ಅದು ನೇರವಾಗಿ ಎಚ್ಚರಿಕೆ ಕೊಟ್ಟಿತು. ಆ ಸಂಖ್ಯೆ ನಂಬಿ ಇನ್ಸುಲಿನ್ ಅಥವಾ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ. ಎರಡು ಸಾವಿರದ ವಾಚು ‘ಶುಗರ್ ತೋರಿಸುತ್ತೆ’ ಅಂದರೆ, ಆ ಒಂದು ಕಾರಣಕ್ಕೇ ಅದನ್ನ ಬಿಟ್ಟುಬಿಡಿ. ಅಷ್ಟು ದೊಡ್ಡ ಸುಳ್ಳು ಹೇಳುವವರ ಉಳಿದ ಮಾತು ಹೇಗೆ ನಂಬೋದು?

ಬಿಪಿ ಕಥೆ ಬೇರೆ. ಗ್ಯಾಲಕ್ಸಿ ವಾಚಿನಲ್ಲಿ ಬಿಪಿ ಅಳೆಯುವ ವ್ಯವಸ್ಥೆ ಇದೆ. ಆದರೆ ಮೊದಲು ತೋಳಿಗೆ ಪಟ್ಟಿ ಕಟ್ಟುವ ಮಾಮೂಲಿ ಬಿಪಿ ಯಂತ್ರದಿಂದ ಅಳೆದು, ಆ ಲೆಕ್ಕವನ್ನು ವಾಚಿಗೆ ಕೊಡಬೇಕು. ನಾಲ್ಕು ವಾರಕ್ಕೊಮ್ಮೆ ಮತ್ತೆ ಅದನ್ನೇ ಮಾಡಬೇಕು. ಅಂದರೆ ಬಿಪಿ ಯಂತ್ರ ಮನೆಯಲ್ಲಿ ಇರಲೇಬೇಕು. ಅದು ಇದ್ದ ಮೇಲೆ ವಾಚಿನ ಬಿಪಿ ಯಾಕೆ? ಪಟ್ಟಿಯ ಹೊಂದಾಣಿಕೆಯೇ ಇಲ್ಲದೇ ಬಿಪಿ ತೋರಿಸುವ ಅಗ್ಗದ ವಾಚುಗಳಂತೂ ನಂಬುವ ಹಾಗೇ ಇಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ವಾಚಿನಲ್ಲಿ ದಿನಾ 120/80ರ ಆಸುಪಾಸು ಬರುತ್ತೆ ಅಂತ ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದರು. ಡಾಕ್ಟರ ಹತ್ತಿರ ಹೋದಾಗ ಮೇಲಿನ ಸಂಖ್ಯೆ 160 ದಾಟಿತ್ತು. ಇಂಥದ್ದು ನೋಡಿದ ಮೇಲೆ ಸುಮ್ನೆ ಇರೋಕಾಗಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟು. ಅಪ್ಪ ಅಮ್ಮನಿಗೆ ಬಿಪಿ ಚಿಂತೆ ಇದ್ದರೆ ಮೊದಲ ಎರಡು ಸಾವಿರ ತೋಳಿನ ಬಿಪಿ ಯಂತ್ರಕ್ಕೆ ಹಾಕಿ. ಶುಗರ್ ಇದ್ದರೆ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಮತ್ತು ಅದರ ಸ್ಟ್ರಿಪ್‌ಗೆ ಹಾಕಿ. ದುಡ್ಡು ಉಳಿದರೆ ವಾಚಿನ ಮಾತು.

ಹಾಗಂತ ಹಿರಿಯರಿಗೆ ವಾಚಿನಿಂದ ಉಪಯೋಗವೇ ಇಲ್ಲ ಅಂತಲ್ಲ. ಎರಡು ಸಂಗತಿಗಳಲ್ಲಿ ಒಳ್ಳೆಯ ವಾಚು ನಿಜವಾಗಿ ಕೆಲಸ ಮಾಡುತ್ತದೆ. ಒಂದು, ಎದೆಬಡಿತದ ತಾಳ ತಪ್ಪೋದನ್ನ ಗುರುತಿಸೋದು. 2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಭಾಗವಹಿಸಿದ್ದರು. ತಾಳ ತಪ್ಪಿದೆ ಅಂತ ಎಚ್ಚರಿಕೆ ಬಂದದ್ದು ಅವರಲ್ಲಿ 0.52 ಶೇಕಡಾ ಜನಕ್ಕೆ ಮಾತ್ರ. ಸುಮ್ಮಸುಮ್ಮನೆ ಎಲ್ಲರನ್ನೂ ಹೆದರಿಸೋದಿಲ್ಲ ಅನ್ನೋದು ಇದರಿಂದ ಗೊತ್ತಾಯಿತು. ಈ ತಾಳ ತಪ್ಪುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಇದರಿಂದ ಪಾರ್ಶ್ವವಾಯು ಬರುವ ಸಾಧ್ಯತೆ ಹೆಚ್ಚು, ಅದಕ್ಕೇ ಬೇಗ ಗೊತ್ತಾಗೋದು ಒಳ್ಳೇದು. ಆದರೆ ವಾಚಿನ ಇಸಿಜಿಗೆ ಹಾರ್ಟ್ ಅಟ್ಯಾಕ್ ಗೊತ್ತಾಗೋದಿಲ್ಲ. ಇದನ್ನ ಆ್ಯಪಲ್ ಕಂಪನಿಯೇ ಹೇಳುತ್ತದೆ. ಎದೆ ನೋವು ಬಂದಾಗ ‘ವಾಚಿನಲ್ಲಿ ನಾರ್ಮಲ್ ಇದೆ’ ಅಂತ ಮನೆಯಲ್ಲಿ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಎರಡನೆಯದು, ಬಿದ್ದರೆ ಗೊತ್ತಾಗೋದು. ಆ್ಯಪಲ್ ವಾಚ್ ಎಸ್‌ಇಯಲ್ಲೂ ಇದು ಇದೆ, ಗ್ಯಾಲಕ್ಸಿ ವಾಚುಗಳಲ್ಲೂ ಇದೆ. ಜೋರಾಗಿ ಬಿದ್ದು ಅಲ್ಲಾಡದೇ ಇದ್ದರೆ ಸಹಾಯಕ್ಕೆ ಕರೆ ಹೋಗುತ್ತದೆ, ಮನೆಯವರಿಗೆ ಮೆಸೇಜ್ ಬರುತ್ತದೆ. ಆದರೆ ಹತ್ತಿರದಲ್ಲಿ ಫೋನ್ ಇರಬೇಕು ಅಥವಾ ವಾಚಿನಲ್ಲೇ ಇ-ಸಿಮ್ ಇರಬೇಕು. ಮುಖ್ಯವಾಗಿ ವಾಚು ಕೈ ಮೇಲಿರಬೇಕು. ಹಿರಿಯರು ಎಷ್ಟೋ ಸಲ ಬೀಳೋದು ಬಚ್ಚಲಲ್ಲಿ. ಸ್ನಾನಕ್ಕೆ ಹೋಗುವಾಗ ವಾಚು ಬಿಚ್ಚಿಡೋದು ನಮ್ಮವರ ಅಭ್ಯಾಸ. ಇದನ್ನ ಮೊದಲೇ ಅವರ ಜೊತೆ ಮಾತಾಡಿ. ದಿನಾ ಚಾರ್ಜ್ ಮಾಡೋದು ಅವರಿಗೆ ಹಿಂಸೆ ಅನ್ನಿಸಿದರೆ ಈ ವಾಚು ಬೇಡ, ಬಚ್ಚಲಿಗೆ ಹಿಡಿದುಕೊಳ್ಳೋ ಸರಳು ಹಾಕಿಸಿ, ಜಾರದ ಮ್ಯಾಟ್ ಹಾಸಿ. ಆ ದುಡ್ಡಿಗೆ ಅದೇ ಹೆಚ್ಚು ಕಾಪಾಡುತ್ತದೆ.

ಓಡುವವರಿಗೆ, ಹತ್ತುವವರಿಗೆ

ಬೆಳಿಗ್ಗೆ ಗಾಜಿನ ಮನೆ ಕಡೆ, ಕುಂದವಾಡ ಕೆರೆ ಏರಿ ಮೇಲೆ ನಡೆಯುವವರಲ್ಲಿ ಹೆಚ್ಚಿನವರಿಗೆ ಬ್ಯಾಂಡ್ ಸಾಕು. ಆದರೆ ಓಟವನ್ನ ಗಂಭೀರವಾಗಿ ತಗೊಂಡವರಿಗೆ ಒಳಗಿನ ಜಿಪಿಎಸ್ ಬೇಕೇ ಬೇಕು. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಬಾಕ್ಸಿನ ಮೇಲೆ ‘ಕನೆಕ್ಟೆಡ್ ಜಿಪಿಎಸ್’ ಅಂತ ಬರೆದಿದ್ದರೆ ಜಿಪಿಎಸ್ ಇರೋದು ನಿಮ್ಮ ಫೋನಿನಲ್ಲಿ, ವಾಚಿನಲ್ಲಲ್ಲ. ಫೋನ್ ಮನೆಯಲ್ಲಿಟ್ಟು ಓಡಿದರೆ ವಾಚು ಕೈ ಬೀಸಿದ ಲೆಕ್ಕದಲ್ಲಿ ದೂರ ಅಂದಾಜು ಮಾಡುತ್ತದೆ. ‘ಬಿಲ್ಟ್-ಇನ್ ಜಿಪಿಎಸ್’ ಅಂತಲೇ ಇರಬೇಕು.

ಪರೀಕ್ಷೆ ಸುಲಭ. ಕೆರೆ ಹತ್ತಿರ ಆಕಾಶ ಬಯಲಾಗಿರುವ ಕಡೆ ನಿಂತು, ಉಪಗ್ರಹ ಸಿಕ್ಕಿದೆ ಅಂತ ವಾಚು ಹೇಳುವ ತನಕ ಕಾಯಿರಿ. ಆಮೇಲೆ ಒಂದು ಸುತ್ತು ಹಾಕಿ ನಕ್ಷೆ ನೋಡಿ. ಗೆರೆ ಏರಿಯ ಮೇಲೇ ಇದ್ದರೆ ಒಳ್ಳೇದು. ಗೆರೆ ನೀರಿನ ಮಧ್ಯೆ ಹೋಗಿದ್ದರೆ ದೂರದ ಲೆಕ್ಕವೂ ಅಷ್ಟೇ ನಂಬಿಕೆಯದ್ದು.

ಭಾನುವಾರ ಚಿತ್ರದುರ್ಗದ ಕೋಟೆ ಹತ್ತುವವರಿಗೆ ಇನ್ನೊಂದು ವಿಷಯ. ವಾಚಿನ ಕೆಳಗೆ ಹಸಿರು ದೀಪ ಮಿನುಗುತ್ತದಲ್ಲ, ಅದು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಬೆಳಕಿನಿಂದ ನೋಡುತ್ತದೆ. ಬಂಡೆ ಹಿಡಿದು ಹತ್ತುವಾಗ ಮಣಿಕಟ್ಟು ಬಾಗುತ್ತದೆ, ಪಟ್ಟಿ ಸಡಿಲಾಗುತ್ತದೆ, ಬೆವರು ಸೇರುತ್ತದೆ. ಆಗ ಎದೆಬಡಿತದ ಲೆಕ್ಕ ತಡವಾಗುತ್ತದೆ ಅಥವಾ ತಪ್ಪುತ್ತದೆ. ಪಟ್ಟಿಯನ್ನ ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿದರೆ ಎಷ್ಟೋ ಸುಧಾರಿಸುತ್ತದೆ. ಇದು ಎಲ್ಲಾ ದರ್ಜೆಯ ವಾಚಿಗೂ ಅನ್ವಯಿಸುವ ಮಾತು.

ಅಮೇಜ್‌ಫಿಟ್ ಬಿಪ್ 6 ತರಹದ ವಾಚು ಎಂಟು ಸಾವಿರದ ಆಸುಪಾಸಿನಲ್ಲಿ ಒಳಗೇ ಜಿಪಿಎಸ್ ಕೊಡುತ್ತದೆ, ಬ್ಯಾಟರಿ ಎರಡು ವಾರ ಅಂತ ಹೇಳಿಕೊಳ್ಳುತ್ತದೆ. ನಮ್ಮಂಥ ಊರಿನ ಓಟಗಾರರಿಗೆ ನನ್ನ ಮೆಚ್ಚಿನ ಬೆಲೆ ಇದೇ. ಮ್ಯಾರಥಾನ್ ತಯಾರಿ ಮಾಡುವವರು ಗಾರ್ಮಿನ್ ಕಡೆ ನೋಡಲಿ. ಅದಕ್ಕೆ ಇಪ್ಪತ್ತು ಸಾವಿರದ ಮೇಲೆ ಬೇಕು, ಆದರೆ ತರಬೇತಿಯ ಲೆಕ್ಕಾಚಾರದಲ್ಲಿ ಅದರ ಸಮಕ್ಕೆ ನಿಲ್ಲುವಂಥದ್ದು ಕಡಿಮೆ.

ದುಬಾರಿ ವಾಚು ಯಾರಿಗೆ?

ಆ್ಯಪಲ್ ವಾಚ್ ಎಸ್‌ಇ 3, 2025ರಲ್ಲಿ ಬಂದಾಗ 25,900 ರೂಪಾಯಿ. ಅದೇ ಹೊತ್ತಿಗೆ ಬಂದ ಸಿರೀಸ್ 11ಕ್ಕೆ 46,900. ಎರಡರ ನಡುವೆ ದೊಡ್ಡ ವ್ಯತ್ಯಾಸ ಇಸಿಜಿ. ಎಸ್‌ಇಯಲ್ಲಿ ಅದಿಲ್ಲ. ಐಫೋನ್ ಇದ್ದು, ಮೆಸೇಜು, ಕರೆ, ಬೀಳುವ ಎಚ್ಚರಿಕೆ ಇಷ್ಟೇ ಸಾಕು ಅನ್ನುವವರಿಗೆ ಎಸ್‌ಇ ಸಾಕು. ಹೃದಯದ ತೊಂದರೆ ಇದ್ದು ಡಾಕ್ಟರೇ ‘ನೋಡಿಕೊಳ್ಳಿ’ ಅಂದಿದ್ದರೆ ಮಾತ್ರ ಮೇಲಿನದಕ್ಕೆ ಹೋಗಿ. ಆಂಡ್ರಾಯ್ಡ್‌ನವರಿಗೆ ನಾನು ಹೇಳೋದು, ಹೋದ ವರ್ಷದ ಗ್ಯಾಲಕ್ಸಿ ವಾಚನ್ನ ಹಬ್ಬದ ಆಫರಿನಲ್ಲಿ ನೋಡಿ. ಹೊಸದು ಬಂದ ಕೂಡಲೇ ಹಳೇದರ ಬೆಲೆ ಚೆನ್ನಾಗಿ ಇಳಿಯುತ್ತದೆ, ಕೆಲಸದಲ್ಲಿ ವ್ಯತ್ಯಾಸ ಕಡಿಮೆ.

ಇವುಗಳ ಸಮಸ್ಯೆ ಬ್ಯಾಟರಿ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಒನ್‌ಪ್ಲಸ್ ವಾಚ್ 2 ತರಹದ ಕೆಲವು ಮಾತ್ರ 100 ಗಂಟೆ ಅಂತ ಹೇಳಿಕೊಂಡವು. ದಿನಾ ಚಾರ್ಜ್ ಮಾಡುವ ವಾಚಿಗೆ ವರ್ಷಕ್ಕೆ ಮುನ್ನೂರಕ್ಕೂ ಜಾಸ್ತಿ ಸಲ ಚಾರ್ಜ್ ಬೀಳುತ್ತದೆ. ಹತ್ತು ದಿನಕ್ಕೊಮ್ಮೆ ಮಾಡುವ ಬ್ಯಾಂಡಿಗೆ ಮೂವತ್ತಾರೋ ಮೂವತ್ತೇಳೋ ಸಲ. ಲಿಥಿಯಂ ಬ್ಯಾಟರಿ ಚಾರ್ಜ್ ಆದ ಹಾಗೆಲ್ಲ ಸವೆಯುತ್ತದೆ, ಹಾಗಾಗಿ ಇವೆರಡರ ಆಯಸ್ಸು ಒಂದೇ ಅಲ್ಲ. ಬಿಸಿಲು ಅದನ್ನ ಇನ್ನೂ ಬೇಗ ಸವೆಸುತ್ತದೆ. ಆ್ಯಪಲ್ ತನ್ನ ವಾಚನ್ನು ಬಳಸೋಕೆ ಹೇಳುವ ಉಷ್ಣತೆ 0ಯಿಂದ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಅದು ದಾಟೋದು ಮಾಮೂಲು. ನಿಲ್ಲಿಸಿದ ಕಾರಿನೊಳಗೆ, ಸ್ಕೂಟರಿನ ಡಿಕ್ಕಿಯಲ್ಲಿ ವಾಚು ಬಿಟ್ಟು ಹೋಗಬೇಡಿ.

ತಿಂಗಳ ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಎರಡು ಸಾವಿರದ ವಾಚು ಒಂದೂಕಾಲು ವರ್ಷ ಬಂದರೆ ತಿಂಗಳಿಗೆ ಸುಮಾರು 133 ರೂಪಾಯಿ. ಎಂಟು ಸಾವಿರದ್ದು ನಾಲ್ಕು ವರ್ಷ ಬಂದರೆ 167. ಇಪ್ಪತ್ತಾರು ಸಾವಿರದ್ದು ಐದು ವರ್ಷ ಬಂದರೆ 433. ಮೊದಲ ಎರಡರ ನಡುವೆ ಇರೋದು ತಿಂಗಳಿಗೆ ಒಂದು ಬೆಣ್ಣೆ ದೋಸೆಯಷ್ಟೂ ಇಲ್ಲ. ಅದಕ್ಕೇ ಅಗ್ಗದ ಕಾಲಿಂಗ್ ವಾಚನ್ನ ಮತ್ತೆ ಮತ್ತೆ ಕೊಳ್ಳುವವರಿಗೆ ನಾನು ಸ್ವಲ್ಪ ಕಾದು, ದುಡ್ಡು ಕೂಡಿಸಿ ಮೇಲಿನ ದರ್ಜೆಯದ್ದು ತಗೊಳ್ಳಿ ಅನ್ನೋದು. ಅಷ್ಟು ಬೇಡ ಅನ್ನಿಸಿದರೆ ಬ್ಯಾಂಡ್ ತಗೊಳ್ಳಿ.

ಈಗಾಗಲೇ ಒಂದು ಇದೆ, ಹೊಸದು ಬೇಕಾ?

ಎರಡು ಮೂರು ವರ್ಷ ಹಳೆಯ ವಾಚು ಇದ್ದರೆ ಮೂರೇ ಕಾರಣಕ್ಕೆ ಬದಲಾಯಿಸಿ. ಬ್ಯಾಟರಿ ಅರ್ಧ ದಿನವೂ ಬರುತ್ತಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ನಿಂತು ಆ್ಯಪ್ ಕೈಕೊಡುತ್ತಿದೆ. ಇಲ್ಲವೇ ಮೊದಲು ಇಲ್ಲದ ಒಂದು ಕೆಲಸ ಈಗ ನಿಜವಾಗಿ ಬೇಕಾಗಿದೆ. ಹೊಸ ಮಾಡೆಲಿನ ಪರದೆ ಸ್ವಲ್ಪ ದೊಡ್ಡದು, ಸ್ವಲ್ಪ ಹೊಳಪು ಅನ್ನೋದು ಕಾರಣ ಅಲ್ಲ. ಬ್ಯಾಟರಿ ಒಂದೇ ತೊಂದರೆ ಅಂದರೆ ಅಧಿಕೃತ ಸರ್ವಿಸ್‌ನಲ್ಲಿ ಅದನ್ನ ಬದಲಾಯಿಸೋಕೆ ಎಷ್ಟಾಗುತ್ತೆ ಅಂತ ಮೊದಲು ಕೇಳಿ.

ಅಂಗಡಿಯಾ, ಆನ್‌ಲೈನಾ?

ಆನ್‌ಲೈನ್‌ನಲ್ಲಿ ಬೆಲೆ ಕಡಿಮೆ ಇರಬಹುದು. ಅಂಗಡಿಯಲ್ಲಿ ಕೈಗೆ ಕಟ್ಟಿ ನೋಡಬಹುದು, ಕನ್ನಡದ ಪರೀಕ್ಷೆ ಮಾಡಬಹುದು. ಸಣ್ಣ ಮಣಿಕಟ್ಟಿನ ಹೆಣ್ಣುಮಕ್ಕಳಿಗೆ ಇದು ಮುಖ್ಯ. ಫೋಟೋದಲ್ಲಿ ಚೆಂದ ಕಂಡ ವಾಚು ಕೈ ಮೇಲೆ ತಟ್ಟೆಯಷ್ಟು ಅನ್ನಿಸಬಹುದು. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಇಲ್ಲದೇ ತಗೊಳ್ಳಬೇಡಿ. ವಾರಂಟಿಗೆ ಅದೇ ಆಧಾರ. ಇನ್ನೊಂದು ಪ್ರಶ್ನೆ ಖಂಡಿತಾ ಕೇಳಿ: ಕೆಟ್ಟರೆ ಸರ್ವಿಸ್ ದಾವಣಗೆರೆಯಲ್ಲೇ ಇದೆಯಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾ? ನನ್ನ ಸ್ನೇಹಿತರೊಬ್ಬರ ವಾಚು ವಾರಂಟಿ ಒಳಗೇ ಕೆಟ್ಟಿತು. ಕೊರಿಯರ್‌ನಲ್ಲಿ ಕಳಿಸಿ ಎಂದರು. ಅದು ವಾಪಸ್ ಬರುವ ಹೊತ್ತಿಗೆ ಅವರ ಓಡುವ ಅಭ್ಯಾಸವೇ ತಪ್ಪಿಹೋಗಿತ್ತು.

ನೀರಿನ ವಿಷಯದಲ್ಲೂ ಬಾಕ್ಸ್ ಸರಿಯಾಗಿ ಓದಿ. ಐಪಿ67 ಅಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆ. ಮಳೆಗೆ, ಬೆವರಿಗೆ ಸಾಕು. ಈಜುವವರಿಗೆ 5 ಎಟಿಎಂ (ನೀರಿನ ಒತ್ತಡ ತಡೆಯುವ ಮಟ್ಟದ ಗುರುತು) ಬೇಕು. ಯಾವುದಕ್ಕೂ ಬಿಸಿನೀರು, ಸೋಪು ಒಗ್ಗೋದಿಲ್ಲ.

ಇಷ್ಟೆಲ್ಲ ನೋಡಿ ಕೊಂಡಾದ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಈ ಕೆಲಸ ಮುಗಿಸಿ. ಕುಳಿತು, ಮಣಿಕಟ್ಟಿನ ನಾಡಿ ಬೆರಳಿನಿಂದ ಹಿಡಿದು ಅರ್ಧ ನಿಮಿಷ ಎಣಿಸಿ. ಅದನ್ನ ಎರಡರಿಂದ ಗುಣಿಸಿ, ವಾಚು ತೋರಿಸುವ ಸಂಖ್ಯೆ ಜೊತೆ ಹೋಲಿಸಿ. ನಾಲ್ಕೈದರ ವ್ಯತ್ಯಾಸ ಪರವಾಗಿಲ್ಲ, ಇಪ್ಪತ್ತರ ವ್ಯತ್ಯಾಸ ಇದ್ದರೆ ವಾಪಸ್ ಕೊಡಿ. ಆ್ಯಪ್ ಹಾಕುವಾಗ ಅದು ಕೇಳುವ ಅನುಮತಿಗಳನ್ನ ಓದಿ. ಕರೆ ತೋರಿಸೋಕೆ ಕಾಂಟ್ಯಾಕ್ಟ್ ಬೇಕು, ಸರಿ. ನಿಮ್ಮ ಫೋಟೋಗಳೆಲ್ಲ ಯಾಕೆ? ಬೇಡ ಅಂತ ಒತ್ತಿ, ವಾಚು ಆಗಲೂ ನಡೆಯುತ್ತಾ ನೋಡಿ. ಪರದೆ ಉರಿಸಿಟ್ಟು ಬ್ಯಾಟರಿ ನಿಜವಾಗಿ ಎಷ್ಟು ದಿನ ಬರುತ್ತೆ ಅಂತ ನೋಡಿ. ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿ ತುರಿಸಿದರೆ ರಾತ್ರಿ ಬಿಚ್ಚಿಟ್ಟು, ಕೈ ಒಣಗಿಸಿ, ಬಟ್ಟೆಯ ಪಟ್ಟಿಗೆ ಬದಲಾಯಿಸಿ. ಆಗಲೂ ತುರಿಕೆ ನಿಲ್ಲದಿದ್ದರೆ ವಾಚನ್ನು ವಾಪಸ್ ಕೊಟ್ಟು ದುಡ್ಡು ತಗೊಳ್ಳಿ.